ಹಿತ್ತಲ ಕೋಳಿಯೂ ಬಡವರ ಊಟವೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಹಿತ್ತಲಿನ ಕೋಳಿಗೂ ಚೆನ್ನಾಗಿ ಒಪ್ಪುತ್ತದೆ. ಕನ್ನಡನಾಡಿನ ಹಳ್ಳಿಗಳಲ್ಲಿ ಮಾಂಸಾಹಾರಿಗಳ ಮನೆಯ ಮುಂದೆ ನಾಲ್ಕಾರು ಕೋಳಿಗಳು ಕೆದಕುತ್ತಿರುವುದು ಸಾಮಾನ್ಯವಾದ ನೋಟ. ಆ ಕೋಳಿಗಳು ಇಟ್ಟ ಮೊಟ್ಟೆ ಅಂಗಡಿಗೆ ಹೋಗುತ್ತದೆ. ಬೆಳೆದ ಹುಂಜ ಸಂತೆಗೆ ಹೋಗುತ್ತದೆ. ಬಂದ ಹಣದಿಂದ ಸಕ್ಕರೆ, ಚಹದ ಪುಡಿ, ಬಿಸ್ಕತ್ತಿನ ಪೊಟ್ಟಣಗಳು ಮನೆಗೆ ಬರುತ್ತವೆ. ಅದೇ ಮನೆಯ ಎಳೆಯ ಮಗು ಮುದ್ದೆಯನ್ನು ತಿಳಿಸಾರಿನಲ್ಲಿ ಅದ್ದಿ ನುಂಗಿ ಮಲಗುತ್ತದೆ. ಪುಷ್ಟಿಯನ್ನು ಮಾರಿ ರುಚಿಯನ್ನು ಕೊಳ್ಳುವ ಈ ವ್ಯಾಪಾರದಲ್ಲಿ ಅಂಗಡಿಯವನಿಗೂ ನಷ್ಟವಿಲ್ಲ, ಸಂತೆಯ ದಲ್ಲಾಳಿಗೂ ನಷ್ಟವಿಲ್ಲ. ನಷ್ಟವೆಲ್ಲವೂ ಆ ಮಗುವಿನ ಪಾಲಿಗೆ ಬರುತ್ತದೆ.

ಇದು ಅತಿಶಯೋಕ್ತಿಯೆಂದು ಯಾರೂ ಭಾವಿಸಬೇಕಾಗಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಯ ಸ್ಥಿತಿಯೂ ಅದೇ ಆಗಿತ್ತು. ಬಿತ್ತನೆಯ ಬೀಜ ಜಳ್ಳಾದರೆ ಬೆಳೆ ಏನಾಗುವುದೆಂಬುದನ್ನು ಜಮೀನುದಾರರಿಗೆ ವಿವರಿಸಬೇಕಾಗಿಲ್ಲ. ಊರಿನ ಮಕ್ಕಳು ಊರಿನ ಬಿತ್ತನೆಯ ಬೀಜವೇ ಅಲ್ಲವೇ?

ಕೋಳಿಯ ಮಾಂಸವು ಬಡವರಿಗೆ ಎಟುಕದ ಪದಾರ್ಥವೆಂಬ ಮಾತು ವಾಡಿಕೆಯಲ್ಲಿದೆ. ಅದು ಅರ್ಧ ಮಾತ್ರ ನಿಜ. ಕೋಳಿಯು ದುಬಾರಿಯಾಗುವುದು ಅದರ ಬೆಲೆಯೊಂದರಿಂದಲೇ ಅಲ್ಲ; ಅದನ್ನು ಯಾವಾಗ, ಎಷ್ಟು, ಹೇಗೆ ಉಣ್ಣುತ್ತಾರೆ ಮತ್ತು ಮನೆಯಲ್ಲಿ ಯಾರು ಉಣ್ಣುತ್ತಾರೆ ಎಂಬುದರಿಂದ. ಈ ನಾಲ್ಕನ್ನು ಸರಿಪಡಿಸಿಕೊಂಡಲ್ಲಿ ಎರಡು ಎಕರೆ ಖುಷ್ಕಿಯ ಒಕ್ಕಲಿಗೂ ಕೂಲಿಯವನಿಗೂ ಪುಷ್ಟಿಕರವಾದ ಊಟವು ಅಸಾಧ್ಯವಲ್ಲ.

ಹಬ್ಬದ ಊಟ, ದಿನದ ಊಟ

ಈಗಿನ ಪದ್ಧತಿಯಲ್ಲಿ ಕೋಳಿಯು ಹಬ್ಬದ ವಸ್ತು. ಹೊಸತೊಡಕು, ಜಾತ್ರೆ, ಮಾರಿಹಬ್ಬ, ಬೀಗರ ಊಟ ಇವುಗಳಲ್ಲಿ ಒಂದೇ ದಿನ ಹೊಟ್ಟೆ ಬಿರಿಯುವಷ್ಟು ತಿಂದು, ಅದಕ್ಕಾಗಿ ಸಾಲವನ್ನೂ ಮಾಡಿ, ಆ ಮೇಲೆ ತಿಂಗಳುಗಟ್ಟಲೆ ಬರಿಯ ಉಪ್ಸಾರಿನಲ್ಲಿ ಕಾಲ ಕಳೆಯುವುದುಂಟು. ದೇಹವು ಕಣಜದಂತಲ್ಲ. ಒಂದು ದಿನ ಹೆಚ್ಚಾಗಿ ತಿಂದ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಮುಂದಿನ ತಿಂಗಳಿಗೆಂದು ತುಂಬಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದುದರಿಂದ ತಿಂಗಳಿಗೊಮ್ಮೆ ಒಬ್ಬೊಬ್ಬರಿಗೆ ಅರ್ಧ ಕಿಲೋ ಮಾಂಸವೆಂಬ ಲೆಕ್ಕಕ್ಕಿಂತ, ವಾರಕ್ಕೊಮ್ಮೆ ನೂರು ಗ್ರಾಂ ಮಾಂಸ ಮತ್ತು ಎರಡು ಮೂರು ಮೊಟ್ಟೆಯೆಂಬ ಲೆಕ್ಕವು ಎಷ್ಟೋ ಮೇಲು. ಹಬ್ಬವನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಹಬ್ಬದ ಸಾಲವನ್ನು ಬಿಟ್ಟರೆ ಸಾಕು.

ಎರಡು ಕಿಲೋ ತೂಗುವ ಜೀವಂತ ಕೋಳಿಯಿಂದ ಸುಮಾರು 1.4 ಕಿಲೋ ಮಾಂಸ ದೊರೆಯುವುದು. ಮೂಳೆ ಕಳೆದರೆ ಹೆಚ್ಚು ಕಡಿಮೆ ಒಂದು ಕಿಲೋ. ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಸಸಾರಜನಕವಿರುವುದು. ಆರು ಜನರ ಮನೆಯಲ್ಲಿ ಇಡೀ ಕೋಳಿಯನ್ನು ಒಂದೇ ಹೊತ್ತಿಗೆ ಮುಗಿಸುವುದು ಅನಾವಶ್ಯಕ. ಮಿಗಿಸಿದರೆ ಇಡಲು ತಣ್ಣನೆಯ ಪೆಟ್ಟಿಗೆ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಇದಕ್ಕೆ ಹಳೆಯ ಮೈಸೂರು ಸೀಮೆಯವರು ಬಲ್ಲ ಉಪಾಯವೊಂದುಂಟು: ಗುಡ್ಡೆಮಾಂಸದ ಪದ್ಧತಿ. ಕುರಿ ಕಡಿದಾಗ ಗುಡ್ಡೆ ಹಾಕಿ ಹಂಚಿಕೊಳ್ಳುವಂತೆಯೇ, ನೆರೆಯ ಎರಡು ಮನೆಯವರು ಈ ವಾರ ಒಬ್ಬರ ಕೋಳಿ, ಮುಂದಿನ ವಾರ ಇನ್ನೊಬ್ಬರ ಕೋಳಿ ಎಂದು ಪಾಲು ಮಾಡಿಕೊಂಡರೆ, ಖರ್ಚು ಅರ್ಧವಾಗುವುದು, ಮಾಂಸವೂ ಕೆಡುವುದಿಲ್ಲ.

ಮೊಟ್ಟೆಯ ಲೆಕ್ಕ

ಬಡವರ ಮನೆಯಲ್ಲಿ ಕೋಳಿಗಿಂತಲೂ ಮೊದಲು ಎಣಿಸತಕ್ಕದ್ದು ಮೊಟ್ಟೆ. ಕಡಿಯಬೇಕಾಗಿಲ್ಲ, ಹಂಚಬೇಕಾಗಿಲ್ಲ, ಬೇಯಿಸಲು ಎಣ್ಣೆಯೂ ಬೇಕಾಗಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮವಾದ ಸಸಾರಜನಕವಿದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನವೊಂದಕ್ಕೆ ಬೇಕಾದದ್ದು ಸುಮಾರು 16 ಗ್ರಾಂ. ಎಂದರೆ ಒಂದೇ ಮೊಟ್ಟೆಯು ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಒದಗಿಸುವುದು. ಇದನ್ನರಿತೇ ಸರ್ಕಾರವು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡಲು ಆರಂಭಿಸಿ, ಅನಂತರ ರಾಜ್ಯದ ಉಳಿದ ಭಾಗಗಳಿಗೂ ವಿಸ್ತರಿಸಿತು. ಆದರೆ ಶಾಲೆಗೆ ಇನ್ನೂ ಸೇರದ ಮಗುವಿಗೂ ಬಸುರಿ ಬಾಣಂತಿಯರಿಗೂ ಮನೆಯ ಮೊಟ್ಟೆಯು ಮನೆಯಲ್ಲಿಯೇ ಉಳಿಯಬೇಕು.

ತಾಯಿ ಮತ್ತು ಇಬ್ಬರು ಮಕ್ಕಳಿಗೆ ವಾರಕ್ಕೆ ತಲಾ ಮೂರು ಮೊಟ್ಟೆಯಂತೆ ಲೆಕ್ಕ ಹಾಕಿದರೆ ವರ್ಷಕ್ಕೆ 468 ಮೊಟ್ಟೆಗಳು ಬೇಕು. ನಾಟಿ ಹೇಂಟೆಯು ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುವುದೇ ವಾಡಿಕೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿದ್ಧವಾಗಿ 1989ರಲ್ಲಿ ಬಿಡುಗಡೆಯಾದ ಗಿರಿರಾಜ ತಳಿಯು, ಹಿತ್ತಲಲ್ಲಿ ಮೇದುಕೊಂಡೇ, ಸ್ವಲ್ಪ ಕಾಳು ನುಚ್ಚು ಕೊಟ್ಟರೆ, ವರ್ಷಕ್ಕೆ ಸುಮಾರು 130 ಮೊಟ್ಟೆ ಇಡುವುದು. ಎಂದರೆ ಇಂತಹ ನಾಲ್ಕು ಹೇಂಟೆಗಳಿಂದ 520 ಮೊಟ್ಟೆ. ತಾಯಿಮಕ್ಕಳ ಪಾಲು ಕಳೆದರೂ ಕೆಲವು ಮಿಗುತ್ತವೆ. ಅನಂತರ ಬಂದ ಸ್ವರ್ಣಧಾರ ತಳಿಯು ಇದಕ್ಕಿಂತಲೂ ಹೆಚ್ಚು ಇಡುವುದು. ಆದರೆ ಈ ತಳಿಗಳ ದೋಷವನ್ನೂ ಮರೆಮಾಚಬಾರದು. ಅವು ಕಾವಿಗೆ ಕೂರುವುದು ಅಪರೂಪ. ಮೈ ಭಾರವಾದುದರಿಂದ ನಾಯಿ, ಮುಂಗುಸಿಗಳಿಂದ ತಪ್ಪಿಸಿಕೊಳ್ಳಲು ನಾಟಿ ಕೋಳಿಯಷ್ಟು ಚುರುಕಲ್ಲ. ರಾತ್ರಿ ಭದ್ರವಾದ ಗೂಡು ಬೇಕು. ಆದುದರಿಂದ ಇವುಗಳ ಜೊತೆಗೆ ಒಂದೆರಡು ನಾಟಿ ಹೇಂಟೆಗಳನ್ನು ಮರಿ ಮಾಡಿಸುವುದಕ್ಕಾಗಿ ಇಟ್ಟುಕೊಳ್ಳುವುದು ವಿವೇಕ. ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕೂರಿಸಿದರೆ ಇಪ್ಪತ್ತೊಂದನೆಯ ದಿನಕ್ಕೆ ಮರಿಯಾಗುವುದು.

ಮೊಟ್ಟೆಯನ್ನೆಲ್ಲ ತಿಂದರೆ ಕೈಗೆ ಕಾಸು ಎಲ್ಲಿಂದ ಬರಬೇಕು ಎಂದು ಕೇಳುವರು. ಕೇಳತಕ್ಕ ಮಾತೇ. ಹಿತ್ತಲ ಕೋಳಿಯ ಹಣವು ಅನೇಕ ಮನೆಗಳಲ್ಲಿ ಹೆಂಗಸರ ಕೈಗೆ ಸಿಗುವ ಒಂದೇ ಸ್ವಂತ ಹಣವೆಂಬುದನ್ನು ಮರೆಯಲಾಗದು. ಆದರೆ ಕ್ರಮವು ಹೀಗಿರಬೇಕು: ಮಕ್ಕಳ ಪಾಲು ಮೊದಲು, ಕಾವಿಗಿಡುವುದು ಆಮೇಲೆ, ಮಿಕ್ಕದ್ದು ಸಂತೆಗೆ. ಈಗ ನಡೆಯುತ್ತಿರುವುದು ಇದಕ್ಕೆ ತೀರ ವಿರೋಧ. ಒಡೆದದ್ದು, ಸಣ್ಣದು, ಅಂಗಡಿಯವನು ಬೇಡವೆಂದದ್ದು ಮಾತ್ರ ಮಕ್ಕಳ ತಟ್ಟೆಗೆ ಬರುತ್ತದೆ.

ಸಾರು ಮತ್ತು ತುಂಡು

ಇನ್ನೊಂದು ತಪ್ಪು ನಂಬಿಕೆಯು ಅಡಿಗೆಮನೆಯಲ್ಲಿಯೇ ಇದೆ. ಕೋಳಿಯ ಸತ್ವವೆಲ್ಲ ಸಾರಿಗೆ ಇಳಿಯುವುದೆಂದು ಹಿರಿಯರು ಹೇಳುವರು. ಇದರ ಫಲವಾಗಿ ಮಕ್ಕಳಿಗೂ ಬಾಣಂತಿಗೂ ಸಾರು ಬಡಿಸಿ, ತುಂಡುಗಳನ್ನು ದುಡಿಯುವ ಗಂಡಸರಿಗೂ ನೆಂಟರಿಗೂ ಬಡಿಸುವರು. ಅಡಿಗೆ ಮಾಡಿದಾಕೆ ಕೊನೆಯಲ್ಲಿ ಕುಳಿತು ಪಾತ್ರೆಯ ತಳವನ್ನು ಮುದ್ದೆಯಿಂದ ಒರೆಸಿಕೊಂಡು ಉಣ್ಣುವಳು. ವಾಸ್ತವವಾಗಿ ಸಾರಿಗೆ ಇಳಿಯುವುದು ರುಚಿ, ಉಪ್ಪು, ಕೊಬ್ಬು ಮತ್ತು ಅಲ್ಪಸ್ವಲ್ಪ ಸಾರಾಂಶ. ಸಸಾರಜನಕದ ಬಹುಭಾಗವು ತುಂಡಿನಲ್ಲಿಯೇ ಉಳಿಯುವುದು. ಮೂಳೆಯನ್ನು ಎಷ್ಟು ಕುದಿಸಿದರೂ ಸುಣ್ಣದ ಅಂಶವು ಸಾರಿಗೆ ಬರುವುದು ಬಹಳ ಸ್ವಲ್ಪ. ಅದಕ್ಕೆ ರಾಗಿಯೇ ಸಾಕು, ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಆದುದರಿಂದ ಸಾರು ಯಾರಿಗಾದರೂ ಸಲ್ಲಲಿ, ತುಂಡು ಮೊದಲು ಮಗುವಿಗೂ ತಾಯಿಗೂ ಸಲ್ಲಬೇಕು. ಹಲ್ಲು ಬಾರದ ಮಗುವಿಗೆ ಬೆಂದ ತುಂಡನ್ನು ಮೂಳೆಯಿಲ್ಲದಂತೆ ನುಣ್ಣಗೆ ಹಿಚುಕಿ, ಅನ್ನದಲ್ಲಿ ಅಥವಾ ಮುದ್ದೆಯಲ್ಲಿ ಕಲಸಿ ಕೊಡತಕ್ಕದ್ದು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಬಡಿಸುವ ಕೈ ತಿರುಗಿದರೆ ಸಾಕು.

ಲಿವರೆಂದು ಕರೆಯುವ ಈಲಿಯು ಕೋಳಿಯಲ್ಲೆಲ್ಲ ಅತ್ಯಂತ ಬೆಲೆಬಾಳುವ ಭಾಗ. ಅಂಗಡಿಯಲ್ಲಿ ಅದರ ಬೆಲೆ ಮಾತ್ರ ಮಾಂಸಕ್ಕಿಂತ ಕಡಿಮೆ. ರಕ್ತವೃದ್ಧಿಗೆ ಬೇಕಾದ ಕಬ್ಬಿಣದ ಅಂಶವೂ ಕಣ್ಣಿಗೆ ಬೇಕಾದ 'ಎ' ಜೀವಸತ್ವವೂ ಅದರಲ್ಲಿ ಹೇರಳವಾಗಿವೆ. ಆ ಜೀವಸತ್ವವು ಅತಿಯಾದರೆ ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲವಾದುದರಿಂದ, ಬಸುರಿಯರು ಇದನ್ನು ವೈದ್ಯರ ಸಲಹೆಯಿಲ್ಲದೆ ತಿನ್ನಬಾರದು. ಉಳಿದವರಿಗೆ ಆಗಾಗ ಸ್ವಲ್ಪ ಸ್ವಲ್ಪ ಕೊಡುವುದು ಹಿತ. ಬಸುರಿಯರಿಗೆ ಮೊಟ್ಟೆಯು ಉಷ್ಣವೆಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ಚೆನ್ನಾಗಿ ಬೆಂದ ಮೊಟ್ಟೆ ಅವರಿಗೆ ಒಳ್ಳೆಯದೇ.

ಮಾಂಸ ಕಡಿಮೆಯಿದ್ದಾಗ ಅದನ್ನು ನೀರಿನಿಂದ ಹಿಗ್ಗಿಸಬಾರದು, ಕಾಳಿನಿಂದ ಹಿಗ್ಗಿಸಬೇಕು. ಅವರೆಕಾಳು, ಹುರುಳಿ, ಅಲಸಂದೆ ಇವುಗಳಲ್ಲಿ ಯಾವುದನ್ನಾದರೂ ಕೋಳಿಯೊಡನೆ ಬೇಯಿಸಿದರೆ ಅರ್ಧ ಕಿಲೋ ಮಾಂಸವು ಆರು ಜನರಿಗೆ ತೃಪ್ತಿಯಾಗಿ ಒದಗುವುದು. ಧಾನ್ಯಕ್ಕೂ ಕಾಳಿಗೂ ಇರುವ ಕೊರತೆಯನ್ನು ಸ್ವಲ್ಪ ಮಾಂಸವು ತುಂಬುವುದು. ನುಗ್ಗೆಸೊಪ್ಪಿಗೆ ಎರಡು ಮೊಟ್ಟೆ ಒಡೆದು ಹಾಕಿ ಮಾಡುವ ಪಲ್ಯವಂತೂ ಪಟ್ಟಣದ ಟಾನಿಕ್ಕುಗಳಿಗಿಂತ ಮೇಲು. ಊಟದ ಕೊನೆಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣದ ಅಂಶವು ಮೈಗೆ ಹತ್ತುವುದು ಹೆಚ್ಚಾಗುವುದು.

ಕೊಂಡು ತಿನ್ನುವವರಿಗೆ

ಕೋಳಿ ಸಾಕಲು ಸ್ಥಳವಿಲ್ಲದವರು ಕೊಳ್ಳಲೇಬೇಕು. ಇವರಲ್ಲಿ ನಾಟಿ ಕೋಳಿಯೇ ಸತ್ವವುಳ್ಳದ್ದು, ಫಾರಂ ಕೋಳಿಯು ಇಂಜೆಕ್ಷನ್ನಿನಿಂದ ಊದಿದ್ದು ಎಂಬ ಭಾವನೆ ಬೇರೂರಿದೆ. ಬ್ರಾಯ್ಲರ್ ಕೋಳಿಯು ಆರು ವಾರಗಳಲ್ಲಿ ಎರಡು ಕಿಲೋ ತೂಗುವುದು ತಳಿಯ ಗುಣದಿಂದ ಮತ್ತು ಮೇವಿನ ಗುಣದಿಂದ, ಊದಿಸುವ ಚುಚ್ಚುಮದ್ದಿನಿಂದಲ್ಲ. ಔಷಧಗಳ ದುರುಪಯೋಗವು ಬೇರೆ ವಿಷಯ. ಅದರ ಬಗೆಗೆ ಎಚ್ಚರವಿರಬೇಕಾದುದರಿಂದಲೇ ಕೇಂದ್ರ ಸರ್ಕಾರವು 2019ರಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮುಂತಾದ ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು. ನಾಟಿ ಕೋಳಿಯ ರುಚಿ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ, ಕೊಬ್ಬೂ ಕಡಿಮೆ. ಆದರೆ ಸಸಾರಜನಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ, ಬೆಲೆಯಲ್ಲಿ ಮಾತ್ರ ಬಹಳ ಅಂತರವುಂಟು. ಆದುದರಿಂದ ನಾಟಿ ಕೋಳಿಯನ್ನು ಸಾಕಿದವನು ತಿನ್ನಲಿ. ಕೊಳ್ಳುವ ಬಡವನು ಮರ್ಯಾದೆಗೆ ಕಟ್ಟುಬಿದ್ದು ಅಧಿಕ ಬೆಲೆ ತೆರಬೇಕಾಗಿಲ್ಲ. ಮೊಟ್ಟೆ ಇಟ್ಟು ಮುಗಿಸಿದ ಫಾರಂ ಕೋಳಿಗಳು ಕೆಲವೆಡೆ ಇನ್ನೂ ಅಗ್ಗವಾಗಿ ಸಿಗುವುವು. ಮಾಂಸ ಗಟ್ಟಿಯಾದರೂ, ನಿಧಾನವಾಗಿ ಬೇಯಿಸಿದರೆ ಸಾರಿಗೆ ಬಲು ಯೋಗ್ಯ. ಮೂಳೆಯಿಲ್ಲದ ತುಂಡು, ಮಸಾಲೆ ಸವರಿದ ತುಂಡು ಎಂದು ಕೊಳ್ಳುವುದಕ್ಕಿಂತ ಇಡೀ ಕೋಳಿಯನ್ನು ಕೊಳ್ಳುವುದೇ ಲಾಭ.

ರಸ್ತೆಬದಿಯ ಗಾಡಿಯಲ್ಲಿ ಹಲವು ಸಲ ಕಾದ ಎಣ್ಣೆಯಲ್ಲಿ ಕರಿದ ಕಬಾಬು ಈಚೆಗೆ ಹಳ್ಳಿಗಳಿಗೂ ಬಂದಿದೆ. ಅದೇ ಹಣಕ್ಕೆ ಮನೆಯಲ್ಲಿ ಇಡೀ ಸಂಸಾರದ ಸಾರು ಆಗಬಹುದು. ಕೋಳಿಯ ಕೊಬ್ಬಿನ ಬಹುಭಾಗವು ಚರ್ಮದಲ್ಲಿಯೂ ಅದರ ಕೆಳಗೂ ಇರುವುದರಿಂದ, ಸ್ಥೂಲದೇಹಿಗಳೂ ಹೃದಯರೋಗಿಗಳೂ ಚರ್ಮ ತೆಗೆದು ಬೇಯಿಸಿಕೊಳ್ಳುವುದು ಒಳ್ಳೆಯದು. ಉಪ್ಪಿನ ವಿಷಯದಲ್ಲಿಯೂ ಹಿಡಿತವಿರಲಿ. ಒಬ್ಬರಿಗೆ ದಿನವೊಂದಕ್ಕೆ ಎಲ್ಲ ಊಟತಿಂಡಿಗಳೂ ಸೇರಿ 5 ಗ್ರಾಮಿಗಿಂತ ಹೆಚ್ಚು ಬೇಡ.

ಶುಚಿಯ ವಿಚಾರ

ಹಸಿ ಕೋಳಿಯಲ್ಲಿ ಭೇದಿ ತರುವ ಸೂಕ್ಷ್ಮಜೀವಿಗಳಿರುವುದು ಸಾಮಾನ್ಯ. ಹಸಿ ಮಾಂಸ ತುಂಡರಿಸಿದ ಮಣೆ, ಕತ್ತಿಗಳಲ್ಲಿಯೇ ಈರುಳ್ಳಿ, ಸೌತೆಕಾಯಿ ಹೆಚ್ಚುವುದರಿಂದ ಅವು ಹರಡುತ್ತವೆ. ಮಣೆ, ಕತ್ತಿ, ಕೈ ಇವುಗಳನ್ನು ಸೋಪಿನಿಂದ ತೊಳೆದು ಮುಂದಿನ ಕೆಲಸಕ್ಕೆ ಹೋಗತಕ್ಕದ್ದು. ಕಡಿದ ಮಾಂಸವನ್ನು ಬಿಸಿಲಿನ ಕಾಲದಲ್ಲಿ ಎರಡು ಗಂಟೆಯೊಳಗೆ ಒಲೆಗೆ ಏರಿಸಬೇಕು. ಮೂಳೆಯ ಬಳಿ ಕೆಂಪು ಉಳಿಯದಂತೆ ಬೇಯಿಸಬೇಕು. ತಣ್ಣಗಿಡುವ ಅನುಕೂಲವಿಲ್ಲದವರು ಮಾಡಿದ್ದನ್ನು ಅಂದೇ ಮುಗಿಸುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ರೋಗದಿಂದ ತೂಕಡಿಸುವ ಕೋಳಿಯನ್ನು ಸಾಯುವುದಕ್ಕೆ ಮುಂಚೆ ಕೊಯ್ದು ತಿನ್ನುವುದೂ, ಅಗ್ಗದ ಬೆಲೆಗೆ ಬಡವರಿಗೆ ಮಾರುವುದೂ ಅನೇಕ ಊರುಗಳಲ್ಲಿ ನಡೆಯುವುದು. ಇದು ಮಹಾಪರಾಧ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿಕೊಂಡ ಹಕ್ಕಿಜ್ವರವು 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿಯೂ ಕಾಣಿಸಿಕೊಂಡಿತು. ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟದೆ, ತಿನ್ನದೆ, ಮಾರದೆ, ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಸತ್ತವನ್ನು ಅವರ ಸೂಚನೆಯಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಮುಖಂಡರ ಕರ್ತವ್ಯ

ಇಷ್ಟೆಲ್ಲವನ್ನೂ ಬಡವರೇ ತಿಳಿದು ಮಾಡಿಕೊಳ್ಳಲಿ ಎಂದು ಬಿಟ್ಟರೆ ಕೆಲಸ ಸಾಗದು. ಹಿತ್ತಲ ಕೋಳಿಯ ದೊಡ್ಡ ಶತ್ರುವು ಕೊಕ್ಕರೆ ರೋಗ. 1927ರಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್ ಎಂಬ ಊರಿನಲ್ಲಿ ಗುರುತಾಗಿ ಅದೇ ಹೆಸರು ಪಡೆದ ಈ ರೋಗವು ಬಂದರೆ, ಹಸಿರು ಭೇದಿ, ಏದುಸಿರು, ಕತ್ತು ತಿರುಚುವಿಕೆಗಳೊಡನೆ ವಾರದೊಳಗೆ ಊರಿನ ಗೂಡುಗಳೆಲ್ಲ ಬರಿದಾಗುವುವು. ಬಂದ ಮೇಲೆ ಔಷಧವಿಲ್ಲ. ಬಾರದಂತೆ ತಡೆಯಲು ಲಸಿಕೆಯುಂಟು. ಮೊದಲ ವಾರದಲ್ಲಿ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ, ಆರರಿಂದ ಎಂಟನೆಯ ವಾರದೊಳಗೆ ಒಂದು ಚುಚ್ಚುಮದ್ದು.

ಹೀಗಿದ್ದರೂ ಬಡವರ ಕೋಳಿಗೆ ಲಸಿಕೆ ಬೀಳದಿರುವುದಕ್ಕೆ ಕಾರಣ ಸರಳವಾದುದು. ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವಷ್ಟು ಇರುವುದು. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿಯವನು ಅದನ್ನು ಕೊಂಡು ಏನು ಮಾಡಿಯಾನು? ಊರಿನ ನೂರು ಕೋಳಿಗಳು ಒಂದೇ ಮುಂಜಾನೆ ಗೂಡಿನಲ್ಲಿ ಸಿಕ್ಕಬೇಕು. ಅಷ್ಟನ್ನು ಕೂಡಿಸುವ ಶಕ್ತಿ ಬಡವನಿಗಿಲ್ಲ. ಊರಿನ ಮುಖಂಡನ ಒಂದು ಮಾತಿಗೆ ಇದೆ. ಬೇಸಿಗೆಗೆ ಮುಂಚೆ ಒಂದು ದಿನವನ್ನು ಗೊತ್ತು ಮಾಡಿ, ಹಿಂದಿನ ಸಂಜೆ ಸಾರಿಸಿ, ಪಶುವೈದ್ಯ ಸಿಬ್ಬಂದಿಯನ್ನಾಗಲಿ ತರಬೇತಿಯಾದ ಪಶುಸಖಿಯರನ್ನಾಗಲಿ ಕರೆಯಿಸಿ, ಬೆಳಕು ಹರಿಯುವ ಮೊದಲೇ ಕೆಲಸ ಮುಗಿಸುವುದು ಕಷ್ಟವಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಮರಿಗಳಿಗೆ ಇದೇ ಏರ್ಪಾಡು ನಡೆಯಲಿ.

ಜಮೀನುದಾರರು ಮಾಡಬಹುದಾದುದು ಮತ್ತೊಂದು. ಕುರಿ ಹಸುಗಳನ್ನು ಪಾಲಿಗೆ ಕೊಡುವ ರೂಢಿ ಹಳೆಯದು. ಅದರಂತೆ ತಮ್ಮ ಹೊಲದಲ್ಲಿ ದುಡಿಯುವ ಪ್ರತಿಯೊಂದು ಮನೆಗೂ ಲಸಿಕೆಯಾದ ನಾಲ್ಕು ಬೆಳೆದ ಹೇಂಟೆಗಳನ್ನು ಕೊಟ್ಟು, ಒಂದು ವರ್ಷದ ಮೇಲೆ ಅಷ್ಟೇ ಮರಿಗಳನ್ನು ಹಿಂದಕ್ಕೆ ಪಡೆದು ಇನ್ನೊಂದು ಮನೆಗೆ ಕೊಡಬಹುದು. ಕಣದ ಜಳ್ಳು, ನುಚ್ಚು, ತೌಡುಗಳಲ್ಲಿ ಸ್ವಲ್ಪ ಪಾಲನ್ನು ಆ ಕೋಳಿಗಳಿಗೆ ಬಿಡಬಹುದು. ಕೋಳಿಗಳು ಸಸಿಮಡಿಯನ್ನು ಕೆದಕಿ ಹಾಳುಮಾಡುವುವೆಂಬ ದೂರು ಸುಳ್ಳಲ್ಲ. ಅದರಿಂದ ಹೊಡೆದಾಟಗಳೂ ಆಗಿರುವುದುಂಟು. ಬಿತ್ತನೆಯಾದ ಹದಿನೈದು ಇಪ್ಪತ್ತು ದಿನ ಕೋಳಿಗಳನ್ನು ಮಂಕರಿಯ ಕೆಳಗಾಗಲಿ ಗೂಡಿನಲ್ಲಾಗಲಿ ಕಟ್ಟಿಡಬೇಕೆಂದು ಊರಿನ ಒಪ್ಪಂದ ಮಾಡಿದರೆ ಆ ದೂರು ತೀರುವುದು.

ಮಾಂಸ ಮೊಟ್ಟೆಗಳನ್ನು ಮುಟ್ಟದವರಿಗೆ ಹಾಲು, ಮೊಸರು, ಬೇಳೆಕಾಳುಗಳುಂಟು. ಅವರನ್ನು ಯಾರೂ ಒತ್ತಾಯಿಸಬೇಕಾಗಿಲ್ಲ. ತಿನ್ನುವ ಮನೆಯಲ್ಲಿ ತಿನ್ನತಕ್ಕವರಿಗೆ ಸಿಕ್ಕದಿರುವುದೇ ಇಲ್ಲಿಯ ವಿಚಾರ. ಮುಂದಿನ ಹೊಸತೊಡಕಿನ ದಿನ ಪ್ರತಿಯೊಬ್ಬ ಯಜಮಾನನೂ ತನ್ನ ಮನೆಯಲ್ಲಿಯೇ ಎಲೆಗಳನ್ನು ಒಮ್ಮೆ ನೋಡಲಿ: ತುಂಡು ಯಾರ ಎಲೆಯಲ್ಲಿದೆ, ಬರಿಯ ಸಾರು ಯಾರ ಎಲೆಯಲ್ಲಿದೆ? ದೊಡ್ಡ ಮನೆಯಲ್ಲಿ ಬಡಿಸುವ ಕ್ರಮವು ಬದಲಾದರೆ ಚಿಕ್ಕ ಮನೆಗಳಲ್ಲಿಯೂ ಬದಲಾಗುವುದು. ಊರು ಯಾವಾಗಲೂ ದೊಡ್ಡ ಮನೆಯನ್ನು ನೋಡಿಯೇ ನಡೆಯುವುದು.